ಮೊದಲ ನೀ ಕುಡಿ

“ಹೊರದೇಶದಾಗ ಏನ್ ಮಾಡಿದ್ಯೋ ಮಾಡ್ದಿ. ಹುಟ್ಟಿದ ಮಣ್ಣಾಗ ಯಾರಿಗೂ ಮದ್ದ ಹಾಕಬ್ಯಾಡ ಹುಲ್ಲಪ್ಪಾ. ಇಲ್ಲಿ ಅದು ನಿನ್ನ ಗುರ್ತ ಹಿಡೀತೈತಿ.”

ಮಹಾಕೂಟದ ಹಾದಿಯ ತನ್ನ ಚಹಾದಂಗಡಿಯಲ್ಲಿ ಒಲೆ ಊದುತ್ತ ಸತ್ಯವ್ವ ಹೇಳಿದಳು. ಚುರಮರಿ ಕಟ್ಟುವ ಹಳೆಯ ಪೇಪರಿನಲ್ಲಿ ಅವನ ಫೋಟೊ ನೋಡಿದ್ದಳು. ಓದಲು ಬರದಿದ್ದರೇನು, ಅಕ್ಕನ ಮಗನ ಮುಖ ಮರೆಯುವುದುಂಟೆ? ಕೆಳಗಿನ ಸುದ್ದಿಯನ್ನು ಗಿರಾಕಿಯೊಬ್ಬ ಓದಿ ಹೇಳಿದ್ದ.

ಹುಲ್ಲಪ್ಪ ನಕ್ಕುಬಿಟ್ಟ. ಕಠ್ಮಂಡು, ಇಸ್ತಾಂಬುಲ್, ಬ್ಯಾಂಕಾಕ್, ಎಲ್ಲಿಯೂ ಅವನ ಕೈಯ ಚಹಾ ಕುಡಿದ ಪ್ರವಾಸಿಗಳು ಮತ್ತೆ ಎದ್ದಿರಲಿಲ್ಲ. ಅವರ ಪಾಸ್‌ಪೋರ್ಟಿನ ಮೇಲೆಯೇ ಇವನ ತಿರುಗಾಟ. ಬ್ಯಾಂಕಾಕಿನ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಾಗ ಜೈಲು ಮುರಿದು ಬಂದ ಭೂಪ ಇವನು.

“ನಂದು ಔಷಧದಂಗಡಿ ಪುಡಿ, ಚಿಗವ್ವ. ನಿನ್ನ ಮಾಟಾ-ಮಂತ್ರಾ ಬದಾಮಿ ಮಂಗ್ಯಾಗೋಳ ಮುಂದ ಹೇಳು.”

“ನಿಮ್ಮವ್ವ ಮದ್ದ ಹಾಕಾಕಿ, ಸಾಯೂಮುಂದ ನಿನಗ ಕಡೀ ತುತ್ತ ಉಣಿಸ್ಯಾಳ. ಆಕಿ ಮದ್ದೆಲ್ಲಾ ನಿನ್ನ ಕೈಯಾಗ ಬಂದೈತಿ. ಆ ಕೈಲೆ ಏನ್ ಹಾಕಿದ್ರೂ ಅದು ಮದ್ದ.”

ಅವನು ಕೇಳಿಸಿಕೊಂಡರೆ ತಾನೆ! ಕಣ್ಣೆಲ್ಲ ಬೆಂಚಿನ ಮೇಲಿದ್ದ ಮಾರ್ಟಿನ್ ಎಂಬ ಫ್ರೆಂಚ್ ಹುಡುಗನ ಕೊರಳ ಚೀಲದ ಮೇಲೆ. ಅದರೊಳಗಿನ ಪಾಸ್‌ಪೋರ್ಟಿನಲ್ಲಿ ಫೋಟೊ ಬದಲಿಸಿದರೆ ಆಯಿತು, ಗೋವಾದಿಂದ ಹಡಗು. ಸಿಗದಿದ್ದರೆ ಮತ್ತೆ ಜೈಲು.

ಮುಸ್ಸಂಜೆ ಕವಿಯಿತು. ಕರೆಂಟು ಹೋಯಿತು. ಗುಡಿಯ ಹೊಂಡದ ಕಡೆಯಿಂದ ಪಾಚಿಯ ವಾಸನೆ, ಒಳಗೆ ಸೀಮೆಎಣ್ಣೆಯ ಘಾಟು. ಸತ್ಯವ್ವ ನೀರಿಗೆ ಹೋದದ್ದೇ ತಡ, ಹುಲ್ಲಪ್ಪ ಕಪ್ಪಿಗೆ ಪುಡಿ ಬೆರೆಸಿ ಹುಡುಗನ ಮುಂದಿಟ್ಟ. ಅವನೋ, ಈ ಸೀಮೆಯವರು ಮಾಡುವುದನ್ನು ನೋಡಿ ಕಲಿತಿದ್ದ. ಅರ್ಧ ಚಹಾ ಕಪ್ಪಿನಡಿಯ ಬಸಿಗೆ ಸುರುವಿ ಅದನ್ನು ನಗುತ್ತ ಹುಲ್ಲಪ್ಪನತ್ತ ಸರಿಸಿದ. ಹುಲ್ಲಪ್ಪ ಬೇಡವೆಂದು ಕೈ ಅಲ್ಲಾಡಿಸಿದ. ಹುಡುಗ ಕಪ್ಪನ್ನೂ ಬರಿದು ಮಾಡಿದ, ಬಸಿಯನ್ನೂ.

ಹುಲ್ಲಪ್ಪ ಕಾದ. ಹುಡುಗ ಸಿಳ್ಳೆ ಹಾಕುತ್ತ ಕ್ಯಾಮೆರಾ ಒರೆಸುತ್ತಿದ್ದ. ಅವನಿಗೇನೂ ಆಗಲಿಲ್ಲ.

ಆಗ ಹುಲ್ಲಪ್ಪನ ನಾಲಿಗೆಯ ಮೇಲೆ ಕಹಿ ಇಳಿಯಿತು. ಅವನು ಏನನ್ನೂ ಕುಡಿದಿರಲಿಲ್ಲ. ಉಗುಳಿದ. ಹೋಗಲಿಲ್ಲ. ತುಟಿ ಮರಗಟ್ಟಿತು. ಗಂಟಲು ಬಿಗಿಯಿತು. ಕಿವಿಯ ಹತ್ತಿರ ಯಾರೋ ಚಹಾ ಸೊರ್ ಎಂದು ಹೀರಿದರು. ಇನ್ನೊಬ್ಬರು. ಮತ್ತೊಬ್ಬರು. ಒಬ್ಬೊಬ್ಬರು ಹೀರಿದಂತೆ ಅವನ ಹೊಟ್ಟೆಗೆ ಬಿಸಿ ಇಳಿಯುತ್ತಿತ್ತು. ಕೊನೆಗೆ ಅವ್ವನ ಬಳೆ ಸದ್ದು. ಬಾಯಿಗೆ ತುತ್ತು. ಕೂಗಲು ಹೋದ. ದನಿಯಿಲ್ಲ. ಬಿದ್ದ.

ಬಿಂದಿಗೆ ಹೊತ್ತು ಬಂದ ಸತ್ಯವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಪೊಲೀಸರಿಗೆ ಆಕೆಯೇ ಹೇಳಿಕಳಿಸಿದಳು. ಜೀಪು ಬರುವವರೆಗೆ ಅವನಿಗೆ ನೀರು ಕುಡಿಸಲು ನೋಡಿದಳು. ಗಂಟಲಲ್ಲಿ ಒಂದು ಹನಿಯೂ ಇಳಿಯಲಿಲ್ಲ. ಕಡೆಗೆ ತಾನೊಂದು ಗುಟುಕು ಕುಡಿದು ಕೊಟ್ಟಳು. ಆಗ ಇಳಿಯಿತು. ಪಾಪಿಯಾದರೂ ಅಕ್ಕನ ಮಗ, ಆಕೆಗೆ ಅಳು ಬಂತು.

“ಮೊದಲ ಯಾರರೆ ಬಾಯಿಗೆ ಹಚ್ಚಿ ಕೊಟ್ರ ಅಷ್ಟ ನಿನಗ ಅನ್ನಾ ನೀರು. ನಿನ್ನ ನಂಬಿ ಕುಡಿಯಾವ್ರನ್ನ ಹುಡುಕ್ಕೋ.”

ಜೈಲಿನಲ್ಲಿ ಅವನು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಜೈಲು ಡಾಕ್ಟರರ ಸಲೈನಿನ ಮೇಲೆ ದಿನಗಳು ಕಳೆದವು. ತುಂಬಿದ ತಟ್ಟೆ ಬರುತ್ತಿತ್ತು, ತುಂಬಿದ್ದೇ ಹೋಗುತ್ತಿತ್ತು. ಒಂದು ಮಧ್ಯಾಹ್ನ, ಎಲುಬಷ್ಟೇ ಉಳಿದ ಕೈಯಲ್ಲಿ ನೀರಿನ ಲೋಟ ಹಿಡಿದು ಸರಳಿನ ತನಕ ತೆವಳಿದ. ಬಾಗಿಲ ಕಾವಲಿನ ಕಾಶಪ್ಪ ಕರುಣೆಯಿದ್ದ ಮನುಷ್ಯ, ಬಗ್ಗಿ ನೋಡಿದ.

“ಒಂದ ಗುಟುಕ ಕುಡದ ಕೊಡು, ಯಪ್ಪಾ. ನಿನ್ನ ಕಾಲ ಬೀಳ್ತೇನಿ.”

ಕಾಶಪ್ಪ ಕೈ ಚಾಚಿದವನು ಆ ಬೆರಳುಗಳನ್ನು ನೋಡಿ ಹಿಂದೆ ಸರಿದ.

“ಮೊದಲ ನೀ ಕುಡಿ,” ಅಂದ.