ಹಬ್ಬದ ದಿನ ಕುಳಿತ ಯಜಮಾನ

ಗ್ರಾದಿಮಿರ್ ಬಾಗಿಲು ತೆರೆದ. ಹೊಸ್ತಿಲಲ್ಲಿ ದೇಸಾಂಕಾ!

ಎಂಟು ತಿಂಗಳ ಹಿಂದೆ, "ನನ್ನನ್ನು ಮರೆತುಬಿಡು, ಕಾರಣ ಕೇಳಬೇಡ" ಎಂದು ಮೊಬೈಲಿನಲ್ಲಿ ಎರಡು ಸಾಲು ಕಳಿಸಿ ಯಾರನ್ನು ಬಿಟ್ಟಿದ್ದನೋ, ಅವಳೇ. ಕೆಂಪು ಕೋಟು, ಹೆಗಲ ಮೇಲೆ ಡಿಸೆಂಬರಿನ ಹಿಮ, ಕಣ್ಣಲ್ಲಿ ಬೆಂಕಿ!

"ಹಬ್ಬದ ಶುಭಾಶಯ, ಯಜಮಾನ್ರೇ," ಎಂದಳು. "ಒಳಗೆ ಕರೀತೀಯೋ, ಇಲ್ಲಾ ಸಂತ ನಿಕೋಲಾನ ಎದುರಿಗೇ ನನ್ನ ಓಡಿಸ್ತೀಯೋ?"

ಓಡಿಸುವಂತಿರಲಿಲ್ಲ. ನಿಕೋಲಾ ಈ ಮನೆತನದ ಸಂತ; ಇಂಥ ಸಂತನ ಹಬ್ಬಕ್ಕೆ ಸ್ಮೆದೆರೆವೊ ಊರಿನಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಬಂದವರನ್ನು ಹಿಂದೆ ಕಳಿಸುವ ಎದೆಗಾರಿಕೆಯೂ ಯಾರಿಗೂ ಇಲ್ಲ. ಫೋನು ಎತ್ತದವನ ಮನೆಗೆ ನುಗ್ಗಲು ದೇಸಾಂಕಾ ಈ ಒಂದು ದಿನಕ್ಕಾಗಿಯೇ ಕಾದು ಕುಳಿತಿದ್ದಳು.

ಅವಳಿಗೆ ನಲವತ್ತೇಳು. ಗಂಡ ತೀರಿಕೊಂಡು ಐದು ವರ್ಷ. ಪೇಟೆಯಲ್ಲಿ ಟೈಲರ್ ಅಂಗಡಿ. ದಾನ್ಯೂಬ್ ದಂಡೆಯಲ್ಲಿ ದೋಣಿ ರಿಪೇರಿ ಮಾಡುವ ಗ್ರಾದಿಮಿರ್‌ಗೆ ಐವತ್ಮೂರು. ಈಸ್ಟರ್ ಕಳೆದ ಮೇಲೆ ಮದುವೆ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಆ ಎರಡು ಸಾಲು!

ಆಮೇಲೆ ಬೇಕರಿಯವಳು ಕಣ್ಣಿಗೆ ಬಿದ್ದದ್ದನ್ನು ಅರುಹಿದ್ದಳು. "ಬೆಲ್‌ಗ್ರೇಡ್ ಬಸ್ಸಲ್ಲಿ ನೋಡಿದೆ ಕಣೇ ನಿನ್ನ ಗ್ರಾದಿಮಿರನ್ನ. ಪಕ್ಕದಲ್ಲಿ ಎತ್ತರದ ಹೆಂಗಸು. ಅವನ ತೋಳು ಹಿಡ್ಕೊಂಡು ಇಳಿಸ್ತಿದ್ಲು!"

ಎಲ್ಲಿ ಅವಳು? ಇವತ್ತು ನೋಡಿಯೇ ಬಿಡ್ತೀನಿ... ಎಂದುಕೊಂಡೇ ದೇಸಾಂಕಾ ಒಳಗೆ ಕಾಲಿಟ್ಟಳು.

ಉದ್ದನೆಯ ಮೇಜಿನ ಸುತ್ತ ಹನ್ನೆರಡು ಜನ ನೆಂಟರು. ನಡುವೆ ಉರಿಯುವ ಮೇಣದ ದೀಪ, ಹಬೆಯಾಡುವ ಮೀನಿನ ಸಾರು. ಅಡುಗೆಮನೆಯಿಂದ ಎತ್ತರದ ಹೆಂಗಸೊಬ್ಬಳು ಹುರಿದ ಮೀನಿನ ತಟ್ಟೆ ಹಿಡಿದು ಬಂದಳು. ಇವಳೇ!

"ರಾದಾ, ನಿಮ್ಮಣ್ಣನಿಗೆ ಹೇಳೇ, ನನ್ನ ಗ್ಲಾಸು ಖಾಲಿ ಇದೆ ಅಂತ," ಎಂದು ಗುಡುಗಿದ ಗ್ರಾದಿಮಿರ್‌ನ ಚಿಕ್ಕಪ್ಪ ಜಿವೊಟಾ.

ಅಣ್ಣ? ಇವಳು ವಿಯೆನ್ನಾದಲ್ಲಿದ್ದ ತಂಗಿ! ಹಾಗಾದರೆ ಬೇರೆ ಹೆಂಗಸೇ ಇಲ್ಲ. ಹಾಗಾದರೆ ಏಕೆ... ಏಕೆ ಬಿಟ್ಟ?

ಆಗ ಅವಳು ಅವನನ್ನು ಸರಿಯಾಗಿ ನೋಡಿದಳು. ಹಬ್ಬದ ದಿನ ಯಜಮಾನ ಕೂರುವಂತಿಲ್ಲ. ಕೊನೆಯ ನೆಂಟ ಎದ್ದು ಹೋಗುವವರೆಗೂ ನಿಂತೇ ಬಡಿಸಬೇಕು, ನಿಂತೇ ಗ್ಲಾಸಿಗೆ ಸುರಿಯಬೇಕು. ಗ್ರಾದಿಮಿರ್ ನಿಂತಿದ್ದ, ಆದರೆ ಕುರ್ಚಿಯ ಬೆನ್ನು ಹಿಡಿದ ಅವನ ಬೆರಳುಗಳು ಬಿಳಚಿಕೊಂಡಿದ್ದವು. ಹಣೆಯ ಮೇಲೆ ಬೆವರು.

ಅವನು ಬಾಟಲಿ ತರಲು ಅಡುಗೆಮನೆಗೆ ಹೋದ. ದೇಸಾಂಕಾ ಹಿಂದೆಯೇ ಹೋಗಿ ಬಾಗಿಲು ಹಾಕಿಕೊಂಡಳು.

"ಏನಾಗಿದೆ ನಿನಗೆ? ಕ್ಯಾನ್ಸರಾ?"

"ಅಲ್ಲ... ಹೋಗು ದೇಸಾಂಕಾ, ದಮ್ಮಯ್ಯ."

"ಹೇಳೋವರೆಗೂ ಹೋಗಲ್ಲ!"

ಅವನು ಗೋಡೆಗೆ ಒರಗಿದ. ಮುಖ ಕೆಂಪಾಯಿತು.

"ಕಳೆದ ಚಳಿಗಾಲ... ನಿನ್ನ ಜೊತೆ ಮಲಗಿದಾಗ ಮೂರು ಸಲ... ನನ್ನಿಂದ ಆಗಲಿಲ್ಲ. ನೆನಪಿದೆಯಾ?"

ನೆನಪಿಲ್ಲದೆ ಏನು! ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಅವಳು ಮನೆಗೆ ಬಂದು ಕನ್ನಡಿಯಲ್ಲಿ ತನ್ನ ಕತ್ತಿನ ಸುಕ್ಕು ನೋಡಿಕೊಂಡು ಅತ್ತಿದ್ದಳು.

"ನಾನು ಮುದುಕಿಯಾದೆ, ನಿನಗೆ ಬೇಡವಾದೆ ಅಂದ್ಕೊಂಡೆ ಕಣೋ!"

"ಅಯ್ಯೋ, ಇಲ್ಲ! ಸಕ್ಕರೆ ಕಾಯಿಲೆ ನನ್ನ ನರಗಳನ್ನ ಹಾಳು ಮಾಡಿದೆ. ಮಾತ್ರೆ ತಗೊಂಡೆ, ಇಂಜೆಕ್ಷನ್ ತಗೊಂಡೆ. ಯಾವುದಕ್ಕೂ ನಿಮಿರಲಿಲ್ಲ. ಮೂರು ವಾರದ ಹಿಂದೆ ಬೆಲ್‌ಗ್ರೇಡಲ್ಲಿ ಆಪರೇಷನ್ ಆಯ್ತು. ಇಂಪ್ಲಾಂಟ್ ಅಂತಾರೆ. ಒಳಗೆ ಎರಡು ಕೊಳವೆ, ಕೆಳಗೊಂದು ಪುಟ್ಟ ಪಂಪು. ಒತ್ತಿದ್ರೆ ನೀರು ತುಂಬಿ ನಿಲ್ಲುತ್ತಂತೆ. ಎಲ್ಲ ಸರಿಹೋದ ಮೇಲೆ, ಗಂಡಸಾಗಿ ನಿನ್ನ ಬಾಗಿಲಿಗೆ ಬರೋಣ ಅಂತಿದ್ದೆ."

"ಅಲ್ಲಿವರೆಗೆ ನೀನು ಯಾರು? ಪಕ್ಕದ ಮನೆಯವನಾ?" ದೇಸಾಂಕಾ ಉರಿದುಬಿದ್ದಳು. "ನನ್ನ ಬಾಳಿನ ತೀರ್ಮಾನ ನೀನೊಬ್ಬನೇ ಮಾಡ್ಬಿಟ್ಟೆ! ಕೇಳಬೇಕು ಅಂತ ಅನಿಸಲೇ ಇಲ್ವಾ?"

"ಕೇಳಿದ್ರೆ 'ಅದೆಲ್ಲ ನನಗೆ ಬೇಡ' ಅಂತ ನೀನು ತ್ಯಾಗ ಮಾಡ್ತಿದ್ದೆ. ನಿನ್ನ ಕನಿಕರ ನನಗೆ ಬೇಡವಾಗಿತ್ತು."

"ಯಾರು ತ್ಯಾಗ ಮಾಡೋದು? ನನಗೂ ಬೇಕು! ಬದುಕಿದ್ದೀನಿ ನಾನು, ಗಂಡನ ಜೊತೆ ಹೂತು ಹಾಕಿಲ್ಲ ನನ್ನನ್ನ. ಆದ್ರೆ ಮೊದಲು ನೀನು ಬೇಕು. ಅದಿಲ್ಲದೆ ನೀನು ಸಿಕ್ಕಿದ್ರೂ ಜಗಳ ಆಡ್ಕೊಂಡು ನಿನ್ನ ಜೊತೆನೇ ಇರ್ತಿದ್ದೆ!"

ಗ್ರಾದಿಮಿರ್‌ನ ಕಣ್ಣು ತುಂಬಿತು. ಸೊಂಟ ಬಗ್ಗಿಸಿ ನೋವು ನುಂಗಿಕೊಂಡ. ಅವಳಿಗೆ ಅದು ಕಂಡಿತು.

"ಡಾಕ್ಟರ್ ಇಷ್ಟು ಹೊತ್ತು ನಿಲ್ಲೋಕೆ ಹೇಳಿದಾರಾ?"

"ಭಾರ ಎತ್ತಬೇಡ, ಜಾಸ್ತಿ ನಿಲ್ಲಬೇಡ ಅಂದಿದಾರೆ. ಆದ್ರೆ ಯಜಮಾನ ಕೂತ್ರೆ ಯಾಕೆ ಅಂತ ಕೇಳ್ತಾರಲ್ಲ. ಸಂತನ ದೀಪದ ಮುಂದೆ ಸುಳ್ಳು ಹೇಳೋಕೆ ಬಾಯಿ ಬರಲ್ಲ. ಅದಕ್ಕೇ ಬೆಳಿಗ್ಗೆಯಿಂದ ನಿಂತಿದ್ದೀನಿ."

ದೇಸಾಂಕಾ ಕೋಟು ಕಳಚಿದಳು. ಅಡುಗೆಮನೆಯ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಮೇಜಿನ ತುದಿಯಲ್ಲಿ ಧಪ್ಪೆಂದು ಇಟ್ಟಳು. ಹಿಂದೆಯೇ ಬಂದ ಗ್ರಾದಿಮಿರ್‌ನ ಕಿವಿಯಲ್ಲಿ, "ಹೇಳೋದು ಬಿಡೋದು ನಿನ್ನಿಷ್ಟ. ಕೂರೋದು ಮಾತ್ರ ನನ್ನ ಮಾತು. ಬಡಿಸೋಕೆ ನಾನಿದ್ದೀನಿ," ಎಂದಳು.

ಅವನು ಅವಳ ಮುಖ ನೋಡಿದ. ಕುಳಿತ!

ಚಿಕ್ಕಪ್ಪ ಜಿವೊಟಾ ಕೆಂಡಾಮಂಡಲವಾದ. "ಏನೋ ಇದು? ನಮ್ಮಪ್ಪ ಗುಂಡೇಟು ಬಿದ್ದ ಕಾಲಲ್ಲೂ ನಿಂತು ಬಡಿಸಿದ್ದ! ನಿನಗೇನೋ ದೊಡ್ಡ ರೋಗ ಬಂದಿರೋದು?"

ಗ್ರಾದಿಮಿರ್ ದೀಪದ ಕಡೆ ನೋಡಿದ. ಆಮೇಲೆ ತಲೆಯೆತ್ತಿದ.

"ಆಪರೇಷನ್ ಆಗಿದೆ ಚಿಕ್ಕಪ್ಪ. ನನ್ನ ಗಂಡಸ್ತನ ಕೈಕೊಟ್ಟಿತ್ತು. ಒಳಗೆ ಇಂಪ್ಲಾಂಟ್ ಹಾಕಿಸ್ಕೊಂಡಿದ್ದೀನಿ. ಇನ್ನೂ ನೋವಿದೆ. ಅದಕ್ಕೇ ಕೂತಿದ್ದೀನಿ, ಕೂತೇ ಇರ್ತೀನಿ."

ಯಾರೋ ಕಿಸಕ್ಕೆಂದು ನಕ್ಕರು. ದೇಸಾಂಕಾ ಬಾಟಲಿ ಹಿಡಿದು ತಿರುಗಿ ನಿಂತಳು.

"ನಗೋರು ಜೋರಾಗಿ ನಗ್ರಿ! ಹಲ್ಲು ಬಿದ್ರೆ ಕಟ್ಟಿಸ್ಕೊಳ್ತೀರಿ. ಮಂಡಿ ಸವೆದ್ರೆ ಹೊಸದು ಹಾಕಿಸ್ಕೊಳ್ತೀರಿ. ಇದಕ್ಕೆ ಮಾತ್ರ ಬಾಯಿ ಮುಚ್ಕೊಂಡು ಕೊರಗಬೇಕಾ? ಇವನನ್ನ ಮದುವೆ ಆಗೋಳು ನಾನು. ನನಗಿಲ್ಲದ ನಾಚಿಕೆ ನಿಮಗ್ಯಾಕೆ?"

ನಗು ಅಲ್ಲಿಗೇ ನಿಂತಿತು. ಅವಳು ಒಬ್ಬೊಬ್ಬರ ಗ್ಲಾಸಿಗೂ ಸುರಿಯುತ್ತಾ ಹೋದಳು. ಯಾರೂ ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಮೀನಿನ ಮುಳ್ಳು, ಹಿಮ, ಫುಟ್‌ಬಾಲು ಎಂದು ಮಾತು ಮತ್ತೆ ಹತ್ತಿಕೊಂಡಿತು.

ಜಿವೊಟಾ ಮಾತ್ರ ಮೀಸೆ ತಿರುವುತ್ತಾ ಕುಳಿತಿದ್ದ. ಕೊನೆಗೆ ಕುರ್ಚಿ ಎಳೆದುಕೊಂಡು ಗ್ರಾದಿಮಿರ್‌ನ ಪಕ್ಕಕ್ಕೆ ಸರಿದು, ಪಿಸುಗುಟ್ಟಿದ. "ಆ ಡಾಕ್ಟರ್ ಹೆಸರೇನೋ?"

"ಜೋರಾಗಿ ಕೇಳ್ರೀ," ಎಂದಳು ಮೇಜಿನ ಆ ತುದಿಯಿಂದ ಚಿಕ್ಕಮ್ಮ, "ನನಗೂ ಕೇಳಿಸ್ಲಿ!"

ಈ ಸಲ ಮನೆಯೇ ನಕ್ಕಿತು. ಗ್ರಾದಿಮಿರ್ ಕೂಡ. ಆ ಗದ್ದಲದಲ್ಲಿ ಅವನು ದೇಸಾಂಕಾಳ ಕೈ ಹಿಡಿದು ಅವಳನ್ನು ತನ್ನತ್ತ ಬಗ್ಗಿಸಿಕೊಂಡ.

"ಅಕಸ್ಮಾತ್ ಇದೂ ಸರಿಹೋಗದಿದ್ರೆ?"

"ಆಗ ಇಬ್ಬರೂ ಕೂತು ಯೋಚಿಸೋಣ. ಇನ್ನೊಂದ್ ಸಲ ನೀನೊಬ್ಬನೇ ತೀರ್ಮಾನ ಮಾಡಿದ್ಯೋ, ನಾನು ನಿಜವಾಗ್ಲೂ ಹೋಗ್ಬಿಡ್ತೀನಿ."

"ಇಲ್ಲ ಮಾರಾಯ್ತಿ... ಕೇಳು. ಜನವರಿ ಹತ್ತಕ್ಕೆ ಆಸ್ಪತ್ರೆಗೆ ಹೋಗ್ಬೇಕು. ಪಂಪು ಹೇಗೆ ಒತ್ತೋದು ಅಂತ ಅವತ್ತು ಹೇಳಿಕೊಡ್ತಾರೆ." ಅವನು ತಡವರಿಸಿದ. "ಜೊತೆಗೆ ಬರ್ತೀಯಾ?"

ದೇಸಾಂಕಾಳ ಕಣ್ಣಿಂದ ಕಡೆಗೂ ಒಂದು ಹನಿ ಜಾರಿತು.

"ಬರದೆ ಇರ್ತೀನಾ? ನಾನೂ ಕಲೀಬೇಕಲ್ಲ!"