ಅವನು ಬರೆದ ‘ತೆರೆ’

“ಅದು ನನ್ನ ರಬ್ಬರು.”

ಮನಸ್ಸಿನ ನೋವು ಕಳೆಯಲೆಂದು ಚಿತ್ರ ಬರೆಸುವ ಆಸ್ಪತ್ರೆಯ ಕೋಣೆಯಲ್ಲಿ ಅವನು ಅವಳಿಗೆ ಆಡಿದ ಮೊದಲ ಮಾತು ಅದು. ಬಲಗೈ ಮಡಿಲಲ್ಲಿ, ಎಡಗೈಯಲ್ಲಿ ಪೆನ್ಸಿಲು, ಮುಖದ ತುಂಬ ಸಿಡುಕು. ಅವಳು ರಬ್ಬರನ್ನು ಎರಡು ತುಂಡು ಮಾಡಿ ದೊಡ್ಡದನ್ನು ತಾನೇ ಇಟ್ಟುಕೊಂಡಳು. ಅವನು ನಕ್ಕುಬಿಟ್ಟ... ಅಂದಿನಿಂದ ಅವಳ ಮನಸ್ಸು ಅವಳ ಮಾತು ಕೇಳುವುದನ್ನೇ ಬಿಟ್ಟಿತು.

ಅವನು ಬಡಗಿ. ಗರಗಸಕ್ಕೆ ಸಿಕ್ಕ ಬಲಗೈಯ ಗಾಯ ಮಾಯ್ದಿದ್ದರೂ ಭಯ ಮಾಯ್ದಿರಲಿಲ್ಲ. ಅವಳು ನಾಟಕ ಕಂಪನಿಗೆ ತೆರೆ ಹೊಲಿಯುವವಳು. ಅಮ್ಮ ಹೋದಮೇಲೆ ಸೂಜಿ ಹಿಡಿದರೆ ಸಾಕು, ಕಣ್ಣು ತುಂಬಿ ಬರುತ್ತಿತ್ತು. ವಾರ ವಾರ ಚಿತ್ರ ಬರೆಯುತ್ತ, ಒಬ್ಬರ ಕಾಲೊಬ್ಬರು ಎಳೆಯುತ್ತ ಇಬ್ಬರೂ ಹಗುರಾಗಿದ್ದರು.

ಇಂದು ಕೊನೆಯ ತರಗತಿ.

“ಇವತ್ತು ನಿಮ್ಮನ್ನೇ ಬರೀರಿ,” ಎಂದರು ಚಿತ್ರದ ಮೇಡಂ. “ಮುಖ ಬೇಡ. ನೀವು ಯಾವ ವಸ್ತು ಅನ್ಸುತ್ತೋ ಅದನ್ನ. ಕೆಳಗೆ ಒಂದೇ ಒಂದು ಮಾತು. ಬೇರೆಯವರ ಚಿತ್ರಕ್ಕೆ ನೀವು ಅರ್ಥ ಕಟ್ಟಬಾರ್ದು, ಅವರನ್ನೇ ಕೇಳ್ಬೇಕು.”

ಅವಳು ದಾರವಿಲ್ಲದ ಸೂಜಿಯೊಂದನ್ನು ಬರೆದು ಕೆಳಗೆ ‘ಕಾಯುತ್ತಿದೆ’ ಎಂದು ಸೇರಿಸಿದಳು. ‘ಇವತ್ತಾದರೂ ಹೇಳಿಬಿಡಬೇಕು. ನಾಳೆಯಿಂದ ಇವನೆಲ್ಲೋ, ನಾನೆಲ್ಲೋ...’ ಎಂದುಕೊಳ್ಳುತ್ತ ಓರೆಗಣ್ಣಿನಲ್ಲಿ ಅವನ ಹಾಳೆ ನೋಡಿದಳು.



ಉದ್ದನೆಯ ಎರಡು ಪಟ್ಟಿ, ನಡುವೆ ಒಂದು ಗೆರೆ, ಮೈತುಂಬ ಅಂಕುಡೊಂಕು ನೆರಿಗೆ. ಕೆಳಗೆ ‘ತೆರೆ’.

‘ಇಳಿದ ತೆರೆ... ಅಂದರೆ ಆಟ ಮುಗಿಯಿತು, ಇನ್ನು ಎದ್ದು ಹೋಗು ಅಂತ ತಾನೇ?’

ಮೇಡಂ ಹೇಳಿದ್ದೆಲ್ಲ ಮರೆತೇಹೋಯಿತು. ಅವಳು ತನ್ನ ಹಾಳೆಯನ್ನು ಸುರುಳಿ ಸುತ್ತಿಕೊಂಡು ಹೊರಟುಬಿಟ್ಟಳು.

ಮೆಟ್ಟಿಲ ಬಳಿ ಅವನು ಓಡಿಬಂದು ಅಡ್ಡ ನಿಂತ.

“ಹೇಳ್ದೆ ಕೇಳ್ದೆ ಹೊರಟ್ರಲ್ಲ, ಏನಾಯ್ತು?”

“ತೆರೆ ಎಳೆದ್ಮೇಲೂ ಕೂತಿರೋಕೆ ನಂಗೇನು ಹುಚ್ಚಾ?”

“ಯಾವ ತೆರೆ?”

ಅವನ ಕೈಲಿದ್ದ ಹಾಳೆಯನ್ನು ಅವಳು ಬೆರಳಿನಿಂದ ತೋರಿಸಿದಳು. ಅವನು ಚಿತ್ರವನ್ನು ನೋಡಿದ, ಅವಳನ್ನು ನೋಡಿದ.

“ಇದು ಬಾಗಿಲು ಕಣ್ರೀ. ಜೋಡಿ ಕದ. ಎಡಗೈಲಿ ಬರೆದು ಗೆರೆಯೆಲ್ಲ ನಡುಗಿದೆ, ಅಷ್ಟೇ.” ಅವನ ದನಿ ತಗ್ಗಿತು. “ಬಾಗಿಲು ತೆರೆ ಅಂತಾರಲ್ಲ... ಆ ತೆರೆ. ನಿಮಗೇ ಬರ್ದಿದ್ದು. ‘ತೆರೆಯಿರಿ’ ಅಂತ ಬಹುವಚನ ಹಚ್ಚೋಕೆ ಮನಸ್ಸು ಒಪ್ಪಲಿಲ್ಲ.”

ತೆರೆ ಹೊಲಿದೂ ಹೊಲಿದೂ ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ನಗುವೂ ಅಳುವೂ ಒಟ್ಟಿಗೇ ಬಂತು. ಸುರುಳಿ ಬಿಚ್ಚಿ ಸೂಜಿಯ ಚಿತ್ರವನ್ನು ಅವನ ಕೈಗಿಟ್ಟಳು.

“ಇದು ನಾನು. ಕಾಯ್ತಿದ್ದಿದ್ದು ನಿಮಗೇ.”

ಅವನು ಹಾಳೆಯನ್ನು ಬಲಗೈಯಲ್ಲಿ ಹಿಡಿದುಕೊಂಡ. ಗಾಯವಾದಮೇಲೆ ಆ ಕೈ ಏನನ್ನಾದರೂ ಹಿಡಿದದ್ದು ಅದೇ ಮೊದಲು. ಅವಳು ಕಣ್ಣೊರೆಸಿಕೊಂಡು ಅವನ ಬಾಗಿಲನ್ನು ಮತ್ತೊಮ್ಮೆ ನೋಡಿದಳು.

“ಇದಕ್ಕೆ ಚಿಲಕಾನೇ ಇಲ್ವಲ್ಲ, ಬಡಗಿ ಸಾಹೇಬ್ರೇ?”

“ಹಾಕಿಲ್ಲ,” ಎಂದ ಅವನು. “ನೀನು ಬರ್ತೀಯ ಅಂತ.”