ಮೊಣಕಾಲುದ್ದ ನೀರು

“ಗೋಡೆ ಮೇಲೆ ತೋರಿಸು, ಮರದ ಮೇಲೆ ತೋರಿಸು, ನಿನ್ನ ಆ ಪಟ್ಟೆಪಟ್ಟೆ ಕೋಲಿನ ಮೇಲೆ ಬೇಕಾದರೂ ತೋರಿಸು. ಮೈಮೇಲೆ ಮಾತ್ರ ತೋರಿಸಬೇಡ ಎಂಜಿನಿಯರಪ್ಪ,” ಎಂದಳು ಅಂಗಡಿ ಅಜ್ಜಿ. “ಈ ಹೊಳೆ ನೀರು ಎಷ್ಟು ಏರತ್ತೆ ಅಂತ ಯಾರ ಮೈಮೇಲೆ ಕೈಯಿಟ್ಟು ತೋರಿಸ್ತೀವೋ, ಅದು ಅವರ ಮೈಯೊಳಗೆ ಬಂದು ನಿಲ್ಲತ್ತೆ.”

ಎಂಜಿನಿಯರ್ ಟೀ ಲೋಟ ಕೆಳಗಿಟ್ಟು ನಕ್ಕ. “ಒಳ್ಳೇದೇ ಆಯ್ತಲ್ಲ ಅಜ್ಜಿ. ಗಂಟಲಿಗೆ ತೋರಿಸಿಕೊಂಡುಬಿಟ್ಟರೆ ನಿಮ್ಮ ಟೀ ಕುಡಿಯೋ ಕಷ್ಟ ತಪ್ಪತ್ತೆ.”

“ನಗು. ಹಲ್ಲಿರೋವರೆಗೂ ನಗು,” ಎಂದು ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ಹೊಳೆಯ ತಿರುವಿನಲ್ಲಿದ್ದ ಆ ಊರು ಅರ್ಧಕ್ಕರ್ಧ ಖಾಲಿಯಾಗಿತ್ತು. ಜಾಗ ಕೊಂಡಿದ್ದ ಯಜಮಾನರು ಅಲ್ಲೊಂದು ಹೊಸ ಬಡಾವಣೆ ಕಟ್ಟಿಸುವವರಿದ್ದರು. ರಸ್ತೆ ಎಲ್ಲಿ, ಚರಂಡಿ ಎಲ್ಲಿ, ಮನೆಗಳ ಪಾಯ ನೆಲದಿಂದ ಎಷ್ಟು ಮೇಲೆ ಎಂದು ಗೊತ್ತುಮಾಡುವುದು ಎಂಜಿನಿಯರನ ಕೆಲಸ. ಪಾಯದ ಎತ್ತರ ಗೊತ್ತಾಗಬೇಕಾದರೆ ಹಿಂದಿನ ನೆರೆ ಎಲ್ಲಿಯವರೆಗೆ ಏರಿತ್ತೆಂದು ಮೊದಲು ಗೊತ್ತಾಗಬೇಕು. ಬೇರೆ ಊರುಗಳಲ್ಲಿ ಇದು ಸುಲಭ. ಕೇಳಿದ ಕೂಡಲೇ ಜನ ಸೊಂಟಕ್ಕೋ ಎದೆಗೋ ಕೈಯಿಟ್ಟು “ಇಷ್ಟಿತ್ತು ಸಾರ್” ಎನ್ನುತ್ತಾರೆ. ಬಾಯಿಮಾತಿನ ಉಬ್ಬರವನ್ನು ಒಂದಿಷ್ಟು ಕಳೆದು ಬರೆದುಕೊಂಡರಾಯಿತು. ಇಲ್ಲಿ ಹಾಗಾಗಲಿಲ್ಲ. ಪ್ರಶ್ನೆ ಕೇಳುತ್ತಲೇ ಎಲ್ಲರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಒಬ್ಬ ಗದ್ದ ಎತ್ತಿ ಕಿಟಕಿಯ ಕಡೆ ಸನ್ನೆ ಮಾಡಿದ. ಒಬ್ಬಳು ಕಲ್ಲೆಸೆದು ಮರದ ಕವಲನ್ನು ತೋರಿಸಿದಳು. ಪಾಳುಬಿದ್ದ ಶಾಲೆಯ ಗೋಡೆಯ ಮೇಲೆ ಕೆಸರಿನ ಗೆರೆಯೊಂದು ಇನ್ನೂ ಉಳಿದಿತ್ತು. ಅದನ್ನು ಮುಟ್ಟಲು ಎಂಜಿನಿಯರ್ ತುದಿಗಾಲಲ್ಲಿ ನಿಂತು ಕೈ ಚಾಚಬೇಕಾಯಿತು. ಬೆರಳಿಗೆ ತಗುಲಿದ ಹುಡಿಯಲ್ಲಿ ಕೊಳೆತ ಎಲೆಯ ವಾಸನೆಯಿತ್ತು.

ಯಜಮಾನರಿಗೆ ಹೇಳಿದಾಗ ಅವರು ಹಲ್ಲುಕಡ್ಡಿ ಕೂಡ ಬಾಯಿಂದ ತೆಗೆಯಲಿಲ್ಲ. “ಅಷ್ಟೆತ್ತರ ಪಾಯ ಹಾಕಿದರೆ ಅದು ಮನೆಯಲ್ಲ ಮಾರಾಯ, ಹಕ್ಕಿಗೂಡು. ಆ ಗೆರೆ ಯಾವ ಕಾಲದ್ದೋ! ಮೊಣಕಾಲುದ್ದ ಅಂತ ಹಿಡಿ.”

ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂದರೆ ನೂರು ವರ್ಷ ಹೊಳೆ ಸುಮ್ಮನೆ ಮಲಗಿರುತ್ತದೆ ಎಂದಲ್ಲ. ನಿನ್ನೆ ಬಂದದ್ದು ನಾಳೆಯೂ ಬರಬಹುದು. ಇದು ಎಂಜಿನಿಯರನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ತಲೆಯಾಡಿಸಿದ. ತಿರುವಿನಲ್ಲೊಂದು ತಡೆಗೋಡೆ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ತಡೆಗೋಡೆ ಯಾವ ನಕ್ಷೆಯಲ್ಲೂ ಇರಲಿಲ್ಲ.

ಮನೆ ಕೊಳ್ಳುವವರನ್ನು ಜಾಗ ತೋರಿಸಲು ಕರೆತಂದ ದಿನ ಅವನ ಮಗಳೂ ಜೊತೆಗಿದ್ದಳು. ಶಾಲೆಗೆ ರಜೆ, ಹೆಂಡತಿಗೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಕೂತಲ್ಲಿ ಕೂರದ, ಯಾರೇನು ಕೇಳಿದರೂ ತಾನೇ ಮೊದಲು ಉತ್ತರ ಹೇಳಬೇಕೆನ್ನುವ ಹುಡುಗಿ.

“ಎಲ್ಲಾ ಚೆನ್ನಾಗಿದೆ ಸಾರ್,” ಎಂದಳು ಕೊಳ್ಳಲು ಬಂದಿದ್ದ ಒಬ್ಬ ಹೆಂಗಸು. “ಆದರೆ ಹೊಳೆ ಇಷ್ಟು ಹತ್ತಿರ. ನೀರು ನುಗ್ಗಲ್ವಾ?”

ಯಜಮಾನರು ಎಂಜಿನಿಯರನ ಕಡೆ ನೋಡಿದರು. ಎಂಜಿನಿಯರ್ ಅಂಗಡಿಯ ಕಡೆ ನೋಡಿದ. ಅಜ್ಜಿ ಬಾಗಿಲಲ್ಲಿ ನಿಂತು, ಅವನ ಮನಸ್ಸು ಓದಿದವಳಂತೆ ಎರಡೂ ಕೈ ಆಡಿಸಿ ಬೇಡ ಬೇಡ ಎನ್ನುತ್ತಿದ್ದಳು. ಆ ಕೈಗಳನ್ನು ಕಂಡೇ ಅವನಿಗೆ ಹುರುಪು ಬಂತು.

“ನುಗ್ಗಿದರೂ ಎಷ್ಟು ಅಂತೀರಿ?” ಮಗಳನ್ನು ಮುಂದಕ್ಕೆಳೆದು, ಬಗ್ಗಿ, ಅವಳ ಮೊಣಕಾಲಿಗೆ ಅಂಗೈ ತಾಗಿಸಿದ. “ನೋಡಿ, ಈ ಪುಟಾಣಿ ಮೊಣಕಾಲು. ಅಷ್ಟೇ! ನಮ್ಮ ಗುಬ್ಬಿ ಕಾಗದದ ದೋಣಿ ಬಿಡೋಕೂ ಸಾಲಲ್ಲ.”

ಜನ ನಕ್ಕರು. ಅಂಗಡಿಯ ಬಾಗಿಲು ದಡಾರನೆ ಮುಚ್ಚಿಕೊಂಡಿತು.

“ಅಪ್ಪಾ,” ಎಂದಳು ಗುಬ್ಬಿ, “ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆ?”

ಅವನ ಅಂಗೈ ಬಿಸಿಲಿಗೆ ಕಾದು ಬೆವರುತ್ತಿತ್ತು.

ಆ ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಗುಬ್ಬಿ ಹಿಂದೆ ಬಿದ್ದಳು. ಕಾಲು ಭಾರ ಎಂದಳು. ನಾಟಕ ಸಾಕು ಎಂದು ಅವನು ಗದರಿದ. ಆಮೇಲೆ ಕೇಳಿಸಿತು. ಅವಳು ಹೆಜ್ಜೆಯಿಟ್ಟಾಗಲೆಲ್ಲ ಗುಳುಕ್. ಅರ್ಧ ತುಂಬಿದ ಕೊಡವನ್ನು ಯಾರೋ ಹೊತ್ತು ತರುತ್ತಿರುವಂತೆ. ಗುಳುಕ್. ಗುಳುಕ್. ಬೂಟು ಬಿಚ್ಚಿದರೆ ಒಣಗಿತ್ತು. ಕಾಲುಚೀಲ ಒಣಗಿತ್ತು. ಆದರೆ ಕೋಣೆಯ ತುಂಬ ಕೆಸರಿನ ವಾಸನೆ, ಬಹಳ ದಿನ ನೀರಲ್ಲಿ ನೆಂದ ಕಟ್ಟಿಗೆಯ ವಾಸನೆ. ಮೀನಖಂಡವನ್ನು ಬೆರಳಿಂದ ಒತ್ತಿದರೆ ಗುಳಿ ಬಿತ್ತು. ಬಿದ್ದ ಗುಳಿ ಮತ್ತೆ ಏಳಲಿಲ್ಲ. ಮೊಣಕಾಲಿನ ಮೇಲೆ ಮೈ ಬೆಚ್ಚಗೆ, ಕೆಳಗೆ ಬಾವಿಯ ಕಲ್ಲಿನಂತೆ ತಣ್ಣಗೆ. ಎರಡರ ನಡುವೆ ರೇಖೆ ಎಳೆದ ಹಾಗೆ.

ಮಲಗಿಸಿದರೆ ನೀರು ಹರಡಿಕೊಳ್ಳಬೇಕು. ಅದು ನೀರಿನ ಗುಣ, ಶಾಲೆಯ ಮಕ್ಕಳಿಗೂ ಗೊತ್ತು. ಗುಬ್ಬಿಯನ್ನು ಮಲಗಿಸಿದರು. ರೇಖೆ ಇದ್ದಲ್ಲೇ ಇತ್ತು.

ಆಸ್ಪತ್ರೆಯಲ್ಲಿ ವೈದ್ಯರು ಸೂಜಿಯಿಂದ ನೀರು ತೆಗೆದರು. ಬೆಳಗ್ಗೆ ತೆಗೆದದ್ದು ಸಂಜೆಗೆ ಮತ್ತೆ ತುಂಬಿತು, ತೊಡೆಯವರೆಗೆ. ತೆಗೆದ ನೀರನ್ನು ಹೆಂಡತಿಯೇ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಹೊರಗೆ ಬಂದವಳು ಗೋಡೆ ಹಿಡಿದು ನಿಂತಳು.

“ರೀ, ಇದು ಮನುಷ್ಯರ ಮೈಯಿಂದ ಬಂದ ನೀರಲ್ಲ. ಮರಳಿದೆ. ಪಾಚಿಯಿದೆ. ಏನೇನೋ ಹುಳ ಈಜಾಡ್ತಿವೆ.” ಅವಳ ದನಿ ಸಣ್ಣಗಾಯಿತು. “ಮಗುವನ್ನ ಎಲ್ಲಿಗೆ ಕರ್ಕೊಂಡು ಹೋಗಿದ್ರಿ?”

“ಕೆಲಸದ ಜಾಗಕ್ಕೆ. ಇನ್ನೆಲ್ಲಿಗೆ?” ಎಂದ.

ನೀರು ಸೊಂಟಕ್ಕೇರಿತು. ಹೊಟ್ಟೆ ಬಿಗಿದು ತಮಟೆಯಾಯಿತು. ಒಂದು ಮಧ್ಯಾಹ್ನ ಹಾಸಿಗೆಯ ಪಕ್ಕ ಕೂತಿದ್ದವನ ತೋಳು ಜಗ್ಗಿ ಗುಬ್ಬಿ ಪಿಸುಗುಟ್ಟಿದಳು. “ಅಪ್ಪಾ, ಹೊಟ್ಟೆಯೊಳಗೆ ಯಾರೋ ಆಂಟಿ ಕೂಗ್ತಿದ್ದಾರೆ. ಎಷ್ಟು ಆಳ, ಎಷ್ಟು ಆಳ ಅಂತ ಕೇಳ್ತಾನೇ ಇದ್ದಾರೆ. ನಾನು ಏನು ಹೇಳಲಿ?”

ಅವನು ಎದ್ದ. ಹೆಂಡತಿ ಕರೆದದ್ದು ಕೇಳಿಸಲಿಲ್ಲ.

ಅಜ್ಜಿಯ ಅಂಗಡಿಯ ಹಿಂದಿನ ಕೋಣೆಗೆ ಕಿಟಕಿಯಿರಲಿಲ್ಲ. ಸೀಮೆಎಣ್ಣೆ, ಒದ್ದೆ ಗೋಣಿಚೀಲ, ಇಲಿಯ ವಾಸನೆ. ಕತ್ತಲಲ್ಲಿ ಅವಳ ಉಸಿರಷ್ಟೇ ಇತ್ತು.

“ಊರಿಗಿದ್ದ ಒಂದೇ ದೋಣಿ ನಮ್ಮಪ್ಪಂದು,” ಎಂದಳು. “ನೆರೆ ಬಂದಾಗ ಆಚೆ ತಗ್ಗಲ್ಲಿ ಒಬ್ಬಳು ಮಗೂನ ಹೆಗಲ ಮೇಲಿಟ್ಟುಕೊಂಡು ನಿಂತಿದ್ಲು. ಎಷ್ಟು ಆಳ ಅಂತ ಕೂಗಿದ್ಲು. ಅಪ್ಪಂಗೆ ಹಗ್ಗ ಬಿಚ್ಚೋಕೆ ಸೋಮಾರಿತನ. ತನ್ನ ಮೊಣಕಾಲು ತಟ್ಟಿ ತೋರಿಸಿದ. ಇಷ್ಟೇ ಕಣೇ, ನಡ್ಕೊಂಡು ಬಾ ಅಂದ. ಅವಳು ಬಂದ್ಲು. ಮಗು ಬರಲಿಲ್ಲ.”

“ಆಮೇಲೆ?”

“ಅವಳಿಗೆ ಮಾಟ ಗೊತ್ತಿತ್ತು. ಮಗುವಿನ ಕೂದಲು, ಹೊಳೆ ಕೆಸರು ಕಲಸಿ ಗೊಂಬೆ ಮಾಡಿದ್ಲು. ಅದರ ಬಾಯಿಗೆ ಬಾಯಿಟ್ಟು ಏನೋ ಉಸುರಿದ್ಲು. ದಡದಲ್ಲಿ ಎಲ್ಲೋ ಹೂತಿಟ್ಟು ಊರು ಬಿಟ್ಟು ಹೋದ್ಲು. ನಮ್ಮಪ್ಪ ಅಟ್ಟದ ಮೇಲೆ, ಒಣಹುಲ್ಲಿನ ಮೇಲೆ, ಮುಳುಗಿ ಸತ್ತ.” ಅಜ್ಜಿ ಮೂಗು ಒರೆಸಿಕೊಂಡಳು. “ಸುಳ್ಳು ತೋರಿಸಿದರೆ ನೀರು ತೋರಿಸಿದಲ್ಲಿಗೆ ನಿಲ್ಲಲ್ಲ ಮಗಾ. ನಿಜ ಮುಟ್ಟೋವರೆಗೂ ಏರತ್ತೆ.”

ಶಾಲೆಯ ಗೋಡೆಯ ಗೆರೆ ಅವನ ಕಣ್ಣಿಗೆ ಕಟ್ಟಿತು.

“ಬಿಡಿಸೋಕೆ ದಾರಿ ಇಲ್ವಾ ಅಜ್ಜಿ? ಕಾಲಿಗೆ ಬೀಳ್ತೀನಿ.”

“ನನ್ನ ಕಾಲಿಗೆ ಬಿದ್ದು ಏನು ಬಂತು? ಸುಳ್ಳು ಕೇಳಿಸಿಕೊಂಡವರ ಮುಂದೆ, ಮಗು ಎದುರಿಗಿರುವಾಗ, ಯಾರಾದರೂ ತಮ್ಮ ಮೈಮೇಲೆ ನಿಜ ತೋರಿಸಬೇಕು. ತೋರಿಸಿದವರ ಮೈಗೆ ನೀರು ಹೋಗತ್ತೆ. ಆರಿ ಹೋಗೋ ನೀರಲ್ಲ ಅದು; ಮೈ ಬದಲಾಯಿಸತ್ತೆ, ಅಷ್ಟೇ. ನಮ್ಮಪ್ಪನಿಗಾಗಿ ಯಾರೂ ಕೈ ಎತ್ತಲಿಲ್ಲ. ಎತ್ತಿದ್ರೂ ನೋಡೋಕೆ ಆ ತಾಯಿ ಊರಲ್ಲಿರಲಿಲ್ಲ.” ಕತ್ತಲಲ್ಲೇ ಅವನ ಕೈ ಹುಡುಕಿ ಹಿಡಿದಳು. “ಒಬ್ಬರಿಗೆ ಒಂದೇ ಸಲ. ಎರಡನೇ ಸಲ ಎತ್ತಿದರೆ ಬರೀ ಕೈ. ಇನ್ನೊಂದು ಮಾತು. ಹೆಂಡತಿಗೆ, ಮಗುವಿಗೆ ಎಲ್ಲಾ ಬಿಡಿಸಿ ಹೇಳು. ಮುಚ್ಚಿಡಬೇಡ.”

ಅವನು ಮುಚ್ಚಿಟ್ಟ. ಹೇಳಿದರೆ ಹೆಂಡತಿ ಬಿಡುವುದಿಲ್ಲ; ತಡೆಯುತ್ತಾಳೆ, ಇಲ್ಲವೇ ತಾನೇ ಕೈ ಎತ್ತುತ್ತಾಳೆ. ಮಗುವನ್ನು ಹೆದರಿಸುವುದಂತೂ ಬೇಡ. ಹೀಗೆ ಲೆಕ್ಕ ಹಾಕಿದ. ಜನರ ಒಳ್ಳೆಯದಕ್ಕೇ ಅವರಿಂದ ಅಪಾಯವನ್ನು ಬಚ್ಚಿಡುವುದು ಅವನಿಗೆ ಅಭ್ಯಾಸವಾಗಿತ್ತು.

ಮನೆ ಕೊಳ್ಳುವವರನ್ನೆಲ್ಲ ಯಜಮಾನರು ಮತ್ತೆ ಕೂಡಿಸಿದ್ದರು, ಪೇಟೆಯ ಸಭಾಂಗಣದಲ್ಲಿ, ಬಡಾವಣೆಯ ಚಿತ್ರ ತೋರಿಸಲು. ಅದೇ ಜನ, ಅದೇ ಹೆಂಗಸು. ಹಗಲಾಗಿದ್ದರೂ ಚಿತ್ರ ಕಾಣಲೆಂದು ದಪ್ಪ ಪರದೆಗಳನ್ನು ಎಳೆದು ಕತ್ತಲು ಮಾಡಿದ್ದರು. ಹೆಂಡತಿ ಗಾಲಿಕುರ್ಚಿಯನ್ನು ಮುಂದಿನ ಸಾಲಿಗೆ ತಳ್ಳಿಕೊಂಡು ಬಂದಳು.

“ನಿಮಗೆ ಬುದ್ಧಿ ಇದೆಯಾ?” ಅವಳು ಹಲ್ಲು ಕಚ್ಚಿಕೊಂಡೇ ಕೇಳಿದಳು. “ಎದೆಗೇರಿದೆ ಅಂತ ಡಾಕ್ಟರು ಹೇಳ್ತಿದ್ದಾರೆ. ಈ ಮಗೂನ ಸಿನಿಮಾ ನೋಡೋಕೆ ಕರೆಸಿದ್ದೀರಾ?”

“ಒಂದು ಗಳಿಗೆ. ನನ್ನ ನಂಬು.”

ಗುಬ್ಬಿಯ ತುಟಿ ನೀಲಿಯಾಗಿತ್ತು. ಉಸಿರೆಳೆದಾಗ ಎದೆಯೊಳಗೆ ಗುಳುಗುಳು. ಆದರೂ ಅಪ್ಪನನ್ನು ಕಂಡು ನಕ್ಕಳು.

ಅವನು ವೇದಿಕೆ ಹತ್ತಿದ. ಹಿಂದಿನ ಬಿಳಿ ಪರದೆಯ ಮೇಲೆ ಹೊಳೆ, ಹೊಳೆಯ ದಂಡೆಗೆ ಸಾಲುಮನೆ, ಮನೆಗಳ ಮುಂದೆ ಆಡುವ ಮಕ್ಕಳು. ಚಿತ್ರ ಬಿಡುವ ಯಂತ್ರದ ಬೆಳಕು ಅವನ ಕಣ್ಣಿಗೆ ಹೊಡೆಯಿತು. ಎದುರಿನ ಕತ್ತಲಲ್ಲಿ ಯಾರ ಮುಖವೂ ಕಾಣಲಿಲ್ಲ.

“ನಾನು ನಿಮಗೆ ಸುಳ್ಳು ಹೇಳಿದೆ,” ಎಂದ. “ಅಲ್ಲಿ ನೀರು ಮೊಣಕಾಲುದ್ದ ಬರೋದಲ್ಲ. ನಾನು ಗೆರೆ ನೋಡಿದ್ದೀನಿ.” ತುದಿಗಾಲಲ್ಲಿ ನಿಂತ. ತಲೆಯ ಮೇಲೆ ಕೈ ಚಾಚಿದ. “ಇಲ್ಲಿಗೆ ಬರತ್ತೆ.”

“ಏಯ್, ಲೈಟ್ ಹಾಕ್ರೋ! ಇವನಿಗೆ ತಲೆ ಕೆಟ್ಟಿದೆ!” ಯಜಮಾನರ ದನಿ.

ಅಂಗಾಲಿಗೆ ಚಳಿ ತಾಕಿತು. ಹಿಮ್ಮಡಿ. ಮೀನಖಂಡ. ಎಲುಬಿನ ಸುತ್ತ ನೀರು ಸುತ್ತಿಕೊಂಡು ಏರಿತು. ಕೆಸರಿನ ವಾಸನೆ ಮೂಗಿನ ಒಳಗಿಂದಲೇ ಬಂತು. ಸೊಂಟ. ಹೊಟ್ಟೆ. ಕಿವಿಯಲ್ಲಿ ಹೊಳೆ ಮೊರೆಯಿತು. ಅದರ ಆಳದಲ್ಲೊಂದು ಹೆಣ್ಣುದನಿ. ಎಷ್ಟು ಆಳ? ಎಷ್ಟು ಆಳ?

ಮುಂದಿನ ಸಾಲಲ್ಲಿ ಯಾರೋ ದೀರ್ಘವಾಗಿ ಉಸಿರೆಳೆದರು. ಚಿಕ್ಕ ಎದೆಯ ಉಸಿರು. ಗುಳುಗುಳು ಇಲ್ಲದ ಉಸಿರು.

“ಅಮ್ಮಾ! ಕಾಲು ಹಗುರ ಆಯ್ತು! ನೋಡು, ಹಗುರ!”

ಅವನಿಗೆ ಅಷ್ಟು ಸಾಕಿತ್ತು. ಎದೆ ತುಂಬಿತು. ಗಂಟಲು ತುಂಬಿತು. ಅವನು ಬಾಯಿ ಮುಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು, ಕಾದ.

“ಏನಂದ್ರು ಅವರು?” ಕತ್ತಲಲ್ಲಿ ಆ ಹೆಂಗಸಿನ ದನಿ. “ಆ ಚಿತ್ರದ ಮಧ್ಯೆ ಸರಿಯಾಗಿ ಕಾಣಿಸಲಿಲ್ಲ. ಎಲ್ಲಿಗೆ ಬರತ್ತಂತೆ?”

“ಆಂಟಿ, ನಾನು ಹೇಳ್ತೀನಿ!”

ಅವನು ಕಣ್ಣು ತೆರೆದ. ಬೇಡ ಎನ್ನಲು ಬಾಯಿ ತೆರೆದ. ನೀರು ಬಂತು. ಕಪ್ಪು ನೀರು, ಮರಳು, ಎಲೆ. ಮಾತು ಬರಲಿಲ್ಲ. ದೀಪ ಹತ್ತಿತು. ಗುಬ್ಬಿ ಗಾಲಿಕುರ್ಚಿಯ ಮೇಲೆ ನಿಂತಿದ್ದಳು, ತನ್ನ ಕಾಲ ಮೇಲೆ ತಾನು, ಎಲ್ಲರಿಗೂ ಕಾಣುವ ಹಾಗೆ ಜನರ ಕಡೆ ತಿರುಗಿ. ಅಮ್ಮ ಅಳುತ್ತ ನಗುತ್ತ ಅವಳ ಸೊಂಟ ಹಿಡಿದುಕೊಂಡಿದ್ದಳು. ಗುಬ್ಬಿ ತುದಿಗಾಲಲ್ಲಿ ನಿಂತಳು. ತಲೆಯ ಮೇಲೆ ಕೈ ಚಾಚಿದಳು.

“ನಮ್ಮಪ್ಪ ಹೇಳಿದ್ದು ಇಲ್ಲಿಗೆ!”

ಅವನ ಗಂಟಲು ತೆರೆಯಿತು. ಎದೆ ಖಾಲಿಯಾಯಿತು. ಅವನು ಎರಡೂ ಕೈ ಎತ್ತಿದ. ಇಲ್ಲಿಗೆ! ಇಲ್ಲಿಗೆ! ಹಾರಿ ಹಾರಿ ತೋರಿಸಿದ. ಬರೀ ಕೈ. ಸೊಂಟ ಬೆಚ್ಚಗಾಯಿತು. ಮೊಣಕಾಲು ಬೆಚ್ಚಗಾಯಿತು. ಕೆಳಗೆ ಹೆಂಡತಿಯ ನಗು ನಿಂತಿತು.

ಉಸಿರು ಬಂತು. ಒಣಗಿದ, ನಿರಾಳವಾದ, ಎದೆ ತುಂಬ ಉಸಿರು. ಅವನು ಅದನ್ನು ತಡೆದು ನಿಲ್ಲಿಸಲು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅದು ನಿಲ್ಲಲಿಲ್ಲ.